ಎರಡು ಕ್ಲಾಸ್ ಬೆರೆಸುವಾಗ ಲೆಕ್ಕ ತಪ್ಪುವ ಜಾಗಗಳು

ದಾಳ ಉರುಳಿಸಿ ಕಥೆಯ ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಎಡಿಷನ್‌ನಲ್ಲಿ ಮಲ್ಟಿಕ್ಲಾಸ್ ಪಾತ್ರದ, ಅಂದರೆ ಫೈಟರ್, ವಿಜರ್ಡ್‌ನಂಥ ಕ್ಲಾಸ್‌ಗಳನ್ನು (ಪಾತ್ರದ ವೃತ್ತಿಗಳನ್ನು) ಬೆರೆಸಿದ ಪಾತ್ರದ, ಹಾಳೆಯ ಮೇಲೆ ಎರಡು ಎಣಿಕೆ ಒಟ್ಟೊಟ್ಟಿಗೆ ನಡೆಯುತ್ತಿರುತ್ತವೆ. ಒಂದು ಪಾತ್ರದ ಒಟ್ಟು ಲೆವೆಲ್, ಇನ್ನೊಂದು ಒಂದೊಂದು ಕ್ಲಾಸಿನ ಲೆವೆಲ್. ಪಾತ್ರ ಕೆಡುವುದು ಹೆಚ್ಚಾಗಿ ಈ ಎರಡನ್ನೂ ಒಂದೇ ಅಂದುಕೊಂಡಾಗ. ಫೈಟರ್ 5, ವಿಜರ್ಡ್ 3 ಇರುವ ಪಾತ್ರವನ್ನು ತೆಗೆದುಕೊಳ್ಳಿ. ಒಟ್ಟು ಲೆವೆಲ್ 8. ಪಳಗಿದ ಕೆಲಸದ ದಾಳಕ್ಕೆ ಸೇರುವ ಪ್ರೊಫಿಶಿಯೆನ್ಸಿ ಬೋನಸ್ ಒಟ್ಟು ಲೆವೆಲ್ ನೋಡುತ್ತದೆ, ಹಾಗಾಗಿ +3. ಮುಂದಿನ ಲೆವೆಲ್‌ಗೆ ಬೇಕಾದ ಎಕ್ಸ್‌ಪೀರಿಯೆನ್ಸ್ ಪಾಯಿಂಟ್ ಕೂಡ ಒಟ್ಟು ಲೆವೆಲ್ ಪ್ರಕಾರವೇ. ಎಷ್ಟು ಸಲವಾದರೂ ಹಾಕಬಹುದಾದ ಕ್ಯಾಂಟ್ರಿಪ್ ಮಂತ್ರಗಳು ಬಲವಾಗುವುದೂ ಒಟ್ಟು ಲೆವೆಲ್ 5, 11, 17ರಲ್ಲಿ. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಕ್ಲಾಸಿನ ಲೆವೆಲ್‌ಗೆ ಕಟ್ಟುಬಿದ್ದಿರುತ್ತದೆ: ಫೈಟರ್ ಚೇತರಿಸಿಕೊಳ್ಳುವ ಸೆಕೆಂಡ್ ವಿಂಡ್ 1ಡಿ10 (ಹತ್ತು ಮುಖದ ಒಂದು ದಾಳ) ಜೊತೆ 5 ಹಿಟ್ ಪಾಯಿಂಟ್ (ಜೀವಬಲ) ಕೊಡುತ್ತದೆ, 8 ಅಲ್ಲ. ವಿಜರ್ಡ್ ಮಂತ್ರಗಳು ಎರಡನೇ ಹಂತದಲ್ಲೇ ನಿಂತಿರುತ್ತವೆ. ಎಬಿಲಿಟಿ ಸ್ಕೋರ್ (ಸ್ಟ್ರೆಂತ್, ಕರಿಸ್ಮಾದಂಥ ಆರು ಗುಣಗಳ ಅಂಕ) ಏರಿಕೆ ಫೈಟರ್ 4ರಲ್ಲಿ ಒಮ್ಮೆ ಸಿಕ್ಕಿದ್ದಷ್ಟೇ. ಒಂದೇ ಕ್ಲಾಸಿನಲ್ಲಿ 8 ಮುಟ್ಟಿದ ಫೈಟರ್‌ಗೆ ಅಷ್ಟರೊಳಗೆ 4, 6, 8ರಲ್ಲಿ ಮೂರು ಸಲ ಸಿಕ್ಕಿರುತ್ತದೆ.

ಆದ್ದರಿಂದ ಲೆವೆಲ್ 20ರಲ್ಲಿ ಪಾತ್ರ ಎಷ್ಟು ಸೊಗಸಾಗಿರುತ್ತದೆ ಅನ್ನುವುದರ ಮೇಲೆ ಮಲ್ಟಿಕ್ಲಾಸ್ ಯೋಜನೆ ಕಟ್ಟಬಾರದು. ಲೆವೆಲ್ 4ರಲ್ಲಿ, 5ರಲ್ಲಿ, 6ರಲ್ಲಿ ಕೈಯಲ್ಲಿ ಏನಿರುತ್ತದೆ ಎಂದು ಒಂದೊಂದೇ ಮೆಟ್ಟಿಲು ಬರೆದು ನೋಡಬೇಕು. ಆಟ ನಡೆಯುವುದು ಆ ಮೆಟ್ಟಿಲುಗಳ ಮೇಲೆ.

ಮೊದಲ ಬಾಗಿಲು 13. ಹೊಸ ಕ್ಲಾಸ್ ಸೇರಲು ಆ ಕ್ಲಾಸಿನ ಮುಖ್ಯ ಎಬಿಲಿಟಿ 13 ಇರಬೇಕು. ಅನೇಕರು ಮರೆಯುವ ಮಾತೆಂದರೆ, ಈಗಿರುವ ಕ್ಲಾಸಿನದ್ದೂ 13 ಇರಬೇಕು. ಬಾರ್ಡ್, ಸಾರ್ಸರರ್, ವಾರ್ಲಾಕ್‌ಗೆ ಕರಿಸ್ಮಾ ಸಾಕು. ಪ್ಯಾಲಡಿನ್‌ಗೆ ಸ್ಟ್ರೆಂತ್ ಮತ್ತು ಕರಿಸ್ಮಾ ಎರಡೂ ಬೇಕು. ಮಂಕ್‌ಗೂ ರೇಂಜರ್‌ಗೂ ಡೆಕ್ಸ್ಟೆರಿಟಿ ಮತ್ತು ವಿಸ್‌ಡಮ್. ಕ್ಲೆರಿಕ್, ಡ್ರೂಯಿಡ್‌ಗೆ ವಿಸ್‌ಡಮ್, ವಿಜರ್ಡ್‌ಗೆ ಇಂಟೆಲಿಜೆನ್ಸ್, ರೋಗ್‌ಗೆ ಡೆಕ್ಸ್ಟೆರಿಟಿ, ಬಾರ್ಬೇರಿಯನ್‌ಗೆ ಸ್ಟ್ರೆಂತ್. ಫೈಟರ್ ಉದಾರಿ: ಸ್ಟ್ರೆಂತ್ ಅಥವಾ ಡೆಕ್ಸ್ಟೆರಿಟಿ, ಯಾವುದಾದರೂ ಒಂದು. ಸ್ಕೋರ್‌ಗಳನ್ನು ಪಾಯಿಂಟ್ ಕೊಟ್ಟು ಕೊಳ್ಳುವ ಪಾಯಿಂಟ್ ಬೈ ವಿಧಾನದ 27 ಪಾಯಿಂಟ್‌ಗಳಲ್ಲಿ ಒಂದು 13ಕ್ಕೆ 5 ಪಾಯಿಂಟ್, 14ಕ್ಕೆ 7, 15ಕ್ಕೆ 9. ಪ್ಯಾಲಡಿನ್ ಜೊತೆ ವಿಜರ್ಡ್ ಬೇಕೆಂದರೆ ಬಾಗಿಲು ದಾಟಲಿಕ್ಕೇ 15 ಪಾಯಿಂಟ್ ಹೋಗುತ್ತದೆ, ಆಗಲೂ ಒಂದು ಸ್ಕೋರಾದರೂ 13ರ ಮೇಲೆ ಏರಿರುವುದಿಲ್ಲ. ಅದೇ ಪ್ಯಾಲಡಿನ್ ಸಾರ್ಸರರ್ ಜೊತೆ ಸೇರಿದರೆ ಹೊಸ ಖರ್ಚೇ ಇಲ್ಲ. ಸ್ಟ್ರೆಂತ್ 15, ಕರಿಸ್ಮಾ 15, ಕಾನ್‌ಸ್ಟಿಟ್ಯೂಷನ್ 14, ಡೆಕ್ಸ್ಟೆರಿಟಿ 10, ಉಳಿದೆರಡು 8: ಸರಿಯಾಗಿ 27. ಕರಿಸ್ಮಾ ಕ್ಲಾಸ್‌ಗಳು ಒಂದಕ್ಕೊಂದು ಇಷ್ಟು ಸಲೀಸಾಗಿ ಕೂಡಿಕೊಳ್ಳುವುದು ಈ ಗಣಿತದಿಂದಲೇ. ವಿಜರ್ಡ್‌ಗೆ ಅಂಥ ನೆಂಟರು ಕಡಿಮೆ.

ಇನ್ನು ಲೆವೆಲ್ 5. ಇಡೀ ಆಟದಲ್ಲಿ ಇದಕ್ಕಿಂತ ದೊಡ್ಡ ಜಿಗಿತ ಇಲ್ಲ. ಬಾರ್ಬೇರಿಯನ್, ಫೈಟರ್, ಮಂಕ್, ಪ್ಯಾಲಡಿನ್, ರೇಂಜರ್ ಐವರಿಗೂ ಕ್ಲಾಸ್ ಲೆವೆಲ್ 5ರಲ್ಲಿ ಎಕ್ಸ್‌ಟ್ರಾ ಅಟ್ಯಾಕ್ ಬರುತ್ತದೆ, ಅಂದರೆ ಹೊಡೆತ ಒಂದಿದ್ದದ್ದು ಎರಡಾಗುತ್ತದೆ. ವಿಜರ್ಡ್, ಸಾರ್ಸರರ್ ಕೈಗೆ ಮೂರನೇ ಹಂತದ ಮಂತ್ರಗಳು ಬರುತ್ತವೆ. ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಕೂಡ ಇದನ್ನು ನಂಬಿಕೊಂಡೇ ಎದುರಾಳಿಗಳನ್ನು ಇಳಿಸುತ್ತಾರೆ. ಆ ಹೊತ್ತಿಗೆ ಫೈಟರ್ 3, ರೋಗ್ 2 ಆಗಿ ನಿಂತವರಿಗೆ ಸಿಕ್ಕಿರುವುದು ಆಕ್ಷನ್ ಸರ್ಜ್ (ಒಮ್ಮೆ ಹೆಚ್ಚುವರಿ ಆಕ್ಷನ್), ಕನ್ನಿಂಗ್ ಆಕ್ಷನ್ (ಓಡಲು, ಅಡಗಲು ಹೆಚ್ಚುವರಿ ಅವಕಾಶ) ಮತ್ತು 1ಡಿ6 ಸ್ನೀಕ್ ಅಟ್ಯಾಕ್ (ಅನುಕೂಲ ಸಿಕ್ಕಾಗ ಹೆಚ್ಚಿನ ಪೆಟ್ಟು). ಎರಡನೇ ಹೊಡೆತ ಇಲ್ಲ, ಸ್ಕೋರ್ ಏರಿಕೆಯೂ ಇಲ್ಲ. ಪಕ್ಕದಲ್ಲಿರುವ ನೇರ ಫೈಟರ್ ಪ್ರತಿ ಸರದಿಯಲ್ಲೂ ಎರಡು ಸಲ ಹೊಡೆಯುತ್ತಿರುತ್ತಾನೆ. ಈ ಪಾತ್ರ ಎರಡನೇ ಹೊಡೆತ ಕಾಣುವುದು ಬೇಗ ಅಂದರೆ ಒಟ್ಟು ಲೆವೆಲ್ 7ರಲ್ಲಿ. ವಾರಕ್ಕೊಂದು ಆಟವಾದರೆ ಆ ಎರಡು ಲೆವೆಲ್ ಅಂದರೆ ತಿಂಗಳುಗಳು.

ನನ್ನ ಸ್ಪಷ್ಟ ಅಭಿಪ್ರಾಯ: ಆಯುಧ ಹಿಡಿಯುವ ಪಾತ್ರವಾದರೆ ಮೊದಲ ಕ್ಲಾಸನ್ನು 5ರ ತನಕ ಒಂದೇ ಉಸಿರಿನಲ್ಲಿ ಒಯ್ಯಿರಿ. ಪ್ಯಾಲಡಿನ್ ಆದರೆ 6ರ ತನಕ. ಆರರಲ್ಲಿ ಸಿಗುವ ಆರಾ ಆಫ್ ಪ್ರೊಟೆಕ್ಷನ್ ತನಗೂ 10 ಅಡಿಯೊಳಗಿನ ಸಂಗಾತಿಗಳಿಗೂ ಎಲ್ಲ ಸೇವಿಂಗ್ ಥ್ರೋಗೆ (ಅಪಾಯ ತಪ್ಪಿಸಿಕೊಳ್ಳಲು ಎಸೆಯುವ ದಾಳಕ್ಕೆ) ಕರಿಸ್ಮಾ ಬೋನಸ್ ಸೇರಿಸುತ್ತದೆ. ಅದನ್ನು ಒಂದು ಲೆವೆಲ್ ದೂರದಲ್ಲಿ ಬಿಟ್ಟು ಹೊರಡುವುದು ದೊಡ್ಡ ನಷ್ಟ. ನೆನಪಿಡಬೇಕಾದ ಇನ್ನೊಂದು: ಎರಡು ಕ್ಲಾಸಿನ ಎಕ್ಸ್‌ಟ್ರಾ ಅಟ್ಯಾಕ್ ಕೂಡುವುದಿಲ್ಲ. ಫೈಟರ್ 5, ರೇಂಜರ್ 5 ಆದವರಿಗೂ ಹೊಡೆತ ಎರಡೇ. ಮೂರನೆಯದು ಬೇಕೆಂದರೆ ಫೈಟರ್ 11 ಮುಟ್ಟಬೇಕು. ಕವಚವಿಲ್ಲದೆ ರಕ್ಷಣೆ ಕೊಡುವ ಅನ್‌ಆರ್ಮರ್ಡ್ ಡಿಫೆನ್ಸ್ ಕೂಡ ಹಾಗೆಯೇ. ಬಾರ್ಬೇರಿಯನ್ ಆಗಿ ಅದನ್ನು ಪಡೆದವರಿಗೆ ಮಂಕ್‌ನದ್ದು ಮತ್ತೆ ಸಿಗುವುದಿಲ್ಲ.

ನಾಲ್ಕರ ಲೆಕ್ಕವೂ ಇಷ್ಟೇ ಕಟ್ಟುನಿಟ್ಟು. ಸ್ಕೋರ್ ಏರಿಕೆ ಅಥವಾ ಫೀಟ್ (ವಿಶೇಷ ಸಾಮರ್ಥ್ಯ) ಕ್ಲಾಸ್ ಲೆವೆಲ್ 4, 8, 12, 16, 19ರಲ್ಲಿ ಬರುತ್ತದೆ. ಫೈಟರ್‌ಗೆ 6, 14ರಲ್ಲಿ, ರೋಗ್‌ಗೆ 10ರಲ್ಲಿ ಹೆಚ್ಚಿನದೊಂದು. ಸಬ್‌ಕ್ಲಾಸ್ (ಕ್ಲಾಸಿನೊಳಗಿನ ಕವಲು) ಸಿಕ್ಕಿತಲ್ಲ ಎಂದು ಮೂರಕ್ಕೆ ನಿಲ್ಲಿಸುವವರು ಬಹಳ. ಇನ್ನೊಂದೇ ಹೆಜ್ಜೆ ಇಟ್ಟಿದ್ದರೆ +2 ಸಿಗುತ್ತಿತ್ತು. ಹೊಡೆತ ತಾಗುವ ಸಾಧ್ಯತೆಗೆ ಅದರಿಂದ ಸಿಗುವ ಶೇ 5 ಪ್ರತಿ ಸುತ್ತಿನಲ್ಲೂ ದುಡಿಯುತ್ತದೆ.

ಯಾವ ಕ್ಲಾಸಿನಿಂದ ಶುರು ಮಾಡಬೇಕು ಅನ್ನುವುದಕ್ಕೆ ಸಿಗಬೇಕಾದಷ್ಟು ಗಮನ ಸಿಗುವುದಿಲ್ಲ. ಸೇವಿಂಗ್ ಥ್ರೋ ಪ್ರೊಫಿಶಿಯೆನ್ಸಿ ಮೊದಲ ಕ್ಲಾಸಿನಿಂದ ಮಾತ್ರ. ಹಿಟ್ ಪಾಯಿಂಟ್ ದಾಳದ ಪೂರ್ತಿ ಬೆಲೆ ಸಿಗುವುದೂ ಪಾತ್ರದ ಮೊದಲ ಲೆವೆಲ್‌ನಲ್ಲಿ ಮಾತ್ರ. ಭಾರದ ಕವಚದ ತರಬೇತಿ ಫೈಟರ್, ಪ್ಯಾಲಡಿನ್‌ಗೆ ಆರಂಭದಲ್ಲೇ ಇದ್ದರೂ ನಡುವೆ ಆ ಕ್ಲಾಸ್ ಸೇರಿದವರಿಗೆ ಹಗುರ, ಮಧ್ಯಮ ಕವಚ ಮತ್ತು ಗುರಾಣಿ ಅಷ್ಟೇ. ಹೀಗಾಗಿ ಫೈಟರ್ 1 ಮೊದಲು, ಆಮೇಲೆ ಉದ್ದಕ್ಕೂ ವಿಜರ್ಡ್ ಅನ್ನುವ ಜೋಡಣೆ ತಿರುಗುಮುರುಗಾಗಿ ಮಾಡಿದ್ದಕ್ಕಿಂತ ಎಷ್ಟೋ ಗಟ್ಟಿ. ಕಾನ್‌ಸ್ಟಿಟ್ಯೂಷನ್ ಸೇವ್ ಸಿಗುತ್ತದೆ. ಏಟು ಬಿದ್ದಾಗ ಕಾನ್ಸಂಟ್ರೇಷನ್ (ಮಂತ್ರವನ್ನು ಹಿಡಿದಿಡುವ ಏಕಾಗ್ರತೆ) ಉಳಿಸಿಕೊಳ್ಳಲು ಎಸೆಯುವುದು ಅದನ್ನೇ: ಗುರಿ 10, ಅಥವಾ ಬಿದ್ದ ಪೆಟ್ಟಿನ ಅರ್ಧ, ಯಾವುದು ಹೆಚ್ಚೋ ಅದು. ಸ್ಟ್ರೆಂತ್ 13 ಇದ್ದರೆ ಚೈನ್ ಮೇಲ್ ಕವಚ ತೊಟ್ಟು ಎಸಿ (ಹೊಡೆತ ತಾಗಲು ಎದುರಾಳಿ ಮುಟ್ಟಬೇಕಾದ ಅಂಕಿ) 16, ಗುರಾಣಿ ಹಿಡಿದರೆ 18. ಸ್ಟ್ರೆಂತ್ ಸಾಲದಿದ್ದರೆ ನಡಿಗೆ 10 ಅಡಿ ಕುಗ್ಗುತ್ತದೆ. ಬೆಲೆ ಏನೆಂದರೆ, ಫೈರ್‌ಬಾಲ್ ಐದರ ಬದಲು ಆರರಲ್ಲಿ ಬರುತ್ತದೆ, ಮುಂದೆಯೂ ಪ್ರತಿ ಹೊಸ ಹಂತ ಒಂದು ಲೆವೆಲ್ ತಡ. ಒಂಬತ್ತನೇ ಹಂತದ ಮಂತ್ರ 17ರ ಬದಲು 18ಕ್ಕೆ. ಒಂದು ಎಡವಟ್ಟು ಮಾತ್ರ ಮೊದಲೇ ತಿಳಿದಿರಲಿ: ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಕತ್ತಿ ಇದ್ದಾಗ ಕೈಸನ್ನೆ ಬೇಡುವ ಶೀಲ್ಡ್ ಮಂತ್ರ ಹಾಕಲು ಖಾಲಿ ಕೈ ಇರುವುದಿಲ್ಲ. ವಾರ್ ಕಾಸ್ಟರ್ ಫೀಟ್ ಬರುವವರೆಗೆ ಕತ್ತಿ ಒರೆಯಲ್ಲೇ ಇರಲಿ.

ಈಗ ಸ್ಲಾಟ್‌ಗಳಿಗೆ, ಅಂದರೆ ಮಂತ್ರ ಹಾಕಲು ಖರ್ಚಾಗುವ ಪಾಲುಗಳಿಗೆ, ಬರೋಣ. ಹೆಚ್ಚು ವಾದ ಎಬ್ಬಿಸುವ ಭಾಗ ಇದು, ಆದರೆ ನಿಯಮ ನಿಜಕ್ಕೂ ಸರಳ. ಬಾರ್ಡ್, ಕ್ಲೆರಿಕ್, ಡ್ರೂಯಿಡ್, ಸಾರ್ಸರರ್, ವಿಜರ್ಡ್ ಲೆವೆಲ್‌ಗಳನ್ನು ಪೂರ್ತಿ ಎಣಿಸಿ. ಪ್ಯಾಲಡಿನ್, ರೇಂಜರ್ ಲೆವೆಲ್ ಅರ್ಧ. ಫೈಟರ್‌ನ ಎಲ್ಡ್ರಿಚ್ ನೈಟ್, ರೋಗ್‌ನ ಆರ್ಕೇನ್ ಟ್ರಿಕ್‌ಸ್ಟರ್ ಸಬ್‌ಕ್ಲಾಸ್‌ಗಳಿಗೆ ಮೂರನೇ ಒಂದು ಭಾಗ. ಕೂಡಿಸಿ ಬಂದ ಅಂಕಿಗೆ ಮಲ್ಟಿಕ್ಲಾಸ್ ಕೋಷ್ಟಕದಲ್ಲಿ ಸ್ಲಾಟ್ ನೋಡಿ. 2014ರ ನಿಯಮದಲ್ಲಿ ಅರ್ಧವನ್ನು ಕೆಳಕ್ಕೆ ದುಂಡಾಗಿಸಬೇಕು, 2024ರ ಪರಿಷ್ಕರಣೆಯಲ್ಲಿ ಮೇಲಕ್ಕೆ. ಪ್ಯಾಲಡಿನ್ 7 ಹಳೆಯದರಲ್ಲಿ 3, ಹೊಸದರಲ್ಲಿ 4. ಅಂದರೆ ಹಳೆಯ ಪುಸ್ತಕದಲ್ಲಿ ಆಡುವವರು ಪ್ಯಾಲಡಿನ್ ಲೆವೆಲನ್ನು ಸಮಸಂಖ್ಯೆಯಲ್ಲಿ ನಿಲ್ಲಿಸುವುದು ಲೇಸು. ಸಬ್‌ಕ್ಲಾಸ್ ಈ ಲೆಕ್ಕವನ್ನು ಹೇಗೆ ಬದಲಿಸುತ್ತದೆ ನೋಡಿ: ಮೇಲಿನ ಫೈಟರ್ 5, ವಿಜರ್ಡ್ 3 ಮಂತ್ರವಿಲ್ಲದ ಚಾಂಪಿಯನ್ ಸಬ್‌ಕ್ಲಾಸ್ ಆಗಿದ್ದರೆ ವಿಜರ್ಡ್‌ನ ಸ್ಲಾಟ್‌ಗಳಷ್ಟೇ, ಮೊದಲ ಹಂತದ ನಾಲ್ಕು, ಎರಡನೆಯದರ ಎರಡು. ಎಲ್ಡ್ರಿಚ್ ನೈಟ್ ಆಗಿದ್ದರೆ ಐದರ ಮೂರನೇ ಒಂದು ಭಾಗ 1, ಅದು ಸೇರಿ 4, ಆಗ ಎರಡನೇ ಹಂತದ್ದು ಮೂರು.

ಆದರೆ ಸ್ಲಾಟ್ ಬೇರೆ, ಮಂತ್ರ ಬೇರೆ. ಯಾವ ಮಂತ್ರ ಕಲಿಯಬಹುದು, ಸಿದ್ಧಮಾಡಿಕೊಳ್ಳಬಹುದು ಎಂಬುದನ್ನು ಒಂದೊಂದು ಕ್ಲಾಸೂ ತಾನೊಬ್ಬನೇ ಇದ್ದಂತೆ ತೀರ್ಮಾನಿಸುತ್ತದೆ. ಕ್ಲೆರಿಕ್ 3, ವಿಜರ್ಡ್ 3 ಪಾತ್ರಕ್ಕೆ ಒಟ್ಟು 6ರ ಸ್ಲಾಟ್‌ಗಳಿವೆ: 4, 3, ಮತ್ತು ಮೂರನೇ ಹಂತದ 3. ಆ ಮೂರರಲ್ಲಿ ತುಂಬಲು ಮೂರನೇ ಹಂತದ ಮಂತ್ರ ಒಂದೂ ಇಲ್ಲ. ಮ್ಯಾಜಿಕ್ ಮಿಸೈಲ್ ಅನ್ನು ಮೂರನೇ ಹಂತದ ಸ್ಲಾಟ್‌ನಲ್ಲಿ ಹಾಕಿದರೆ ಐದು ಬಾಣ, ಸರಾಸರಿ 17.5 ಪೆಟ್ಟು. ನೇರ ವಿಜರ್ಡ್ ಅದೇ ಸ್ಲಾಟ್‌ನಲ್ಲಿ ಹಾಕುವ ಫೈರ್‌ಬಾಲ್ 8ಡಿ6, ಸರಾಸರಿ 28, ಅದೂ 20 ಅಡಿ ತ್ರಿಜ್ಯದೊಳಗೆ ಸೇವ್ ಸೋತ ಪ್ರತಿಯೊಬ್ಬರಿಗೂ. ಮೇಲಿಂದ ಇಂಟೆಲಿಜೆನ್ಸ್‌ಗೊಂದು, ವಿಸ್‌ಡಮ್‌ಗೊಂದು ಎಂದು ಎರಡು ಸೇವ್ ಡಿಸಿ (ಎದುರಾಳಿ ಸೇವ್‌ನಲ್ಲಿ ಮುಟ್ಟಬೇಕಾದ ಅಂಕಿ), ಎರಡೂ ಮೊಂಡು. ಎರಡು ಪೂರ್ಣ ಮಂತ್ರಗಾರ ಕ್ಲಾಸ್‌ಗಳನ್ನು ಸಮಪಾಲು ಬೆರೆಸುವುದು ಈ ಆಟದ ಅತಿ ದುರ್ಬಲ ಜೋಡಣೆ. ಹೊಸಬರು ಅದಕ್ಕೇ ಮೊದಲು ಕೈ ಹಾಕುವುದು ನೋಡಿದರೆ ಸಂಕಟವಾಗುತ್ತದೆ.

ಹೆಚ್ಚುವರಿ ಸ್ಲಾಟ್‌ಗೆ ಮಂತ್ರವಲ್ಲದ ಬಳಕೆ ಇದ್ದಾಗ ಚಿತ್ರ ಪೂರ್ತಿ ಬದಲಾಗುತ್ತದೆ. ಪ್ಯಾಲಡಿನ್ 6, ಸಾರ್ಸರರ್ 4: ಮೂರಕ್ಕೆ ನಾಲ್ಕು ಸೇರಿ 7, ಸ್ಲಾಟ್ 4, 3, 3, 1. ನೇರ ಪ್ಯಾಲಡಿನ್ 10ಕ್ಕೆ ಇರುವುದು 4, 3, 2. ಈ ಪಾತ್ರಕ್ಕೂ ಮೂರನೇ ಹಂತದ ಮಂತ್ರ ಬರುವುದಿಲ್ಲ, ಆದರೆ 2014ರ ಡಿವೈನ್ ಸ್ಮೈಟ್‌ಗೆ ಅದು ಬೇಕಾಗಿಲ್ಲ. ಮೊದಲ ಹಂತದ ಸ್ಲಾಟ್ ಸುಟ್ಟರೆ ಹೊಡೆತಕ್ಕೆ 2ಡಿ8 ಹೆಚ್ಚಿನ ಪೆಟ್ಟು, ಹಂತಕ್ಕೊಂದು ದಾಳ ಹೆಚ್ಚು, ಗರಿಷ್ಠ 5ಡಿ8. ನಾಲ್ಕನೇ ಹಂತದ ಆ ಒಂಟಿ ಸ್ಲಾಟ್ ಸರಿಯಾಗಿ ಆ ಮಿತಿಯನ್ನು ಮುಟ್ಟುತ್ತದೆ. ಹೊಡೆತ ತಾಗಿದ ಮೇಲೆ ಸ್ಮೈಟ್ ತೀರ್ಮಾನಿಸಬಹುದಾದ್ದರಿಂದ ಕ್ರಿಟಿಕಲ್ (ದಾಳದಲ್ಲಿ 20) ಬಿದ್ದಾಗಲೇ ದೊಡ್ಡ ಸ್ಲಾಟ್ ತೆಗೆಯಿರಿ, ದಾಳಗಳೆಲ್ಲ ಇಮ್ಮಡಿಯಾಗುತ್ತವೆ. 2024ರ ನಿಯಮದಲ್ಲಿ ಸ್ಮೈಟ್ ಬೋನಸ್ ಆಕ್ಷನ್ (ಸರದಿಯ ಚಿಕ್ಕ ಹೆಚ್ಚುವರಿ ಕ್ರಿಯೆ) ಕೇಳುವ ಮಂತ್ರವಾಗಿದೆ, ಆದ್ದರಿಂದ ಸರದಿಗೆ ಒಂದೇ. ಜೋಡಣೆ ಸತ್ತಿಲ್ಲ, ಆದರೆ ಒಂದೇ ಸರದಿಯಲ್ಲಿ ಸ್ಲಾಟ್ ಮೇಲೆ ಸ್ಲಾಟ್ ಸುರಿಯುವ ಕಾಲ ಮುಗಿಯಿತು.

ವಾರ್ಲಾಕ್ ಈ ಕೋಷ್ಟಕದ ಹೊರಗೆ ನಿಲ್ಲುತ್ತದೆ. ಅದರ ಪ್ಯಾಕ್ಟ್ ಸ್ಲಾಟ್‌ಗಳನ್ನು ಕೂಡಿಸುವುದಿಲ್ಲ, ಪಕ್ಕದಲ್ಲಿ ಬೇರೆಯಾಗಿ ಬರೆದಿಡಬೇಕು. ವಾರ್ಲಾಕ್ 2ಕ್ಕೆ ಮೊದಲ ಹಂತದ ಎರಡು ಸ್ಲಾಟ್, ಶಾರ್ಟ್ ರೆಸ್ಟ್ (ಸಣ್ಣ ವಿಶ್ರಾಂತಿ) ಆದೊಡನೆ ವಾಪಸ್. ಆ ಸ್ಲಾಟ್‌ನಿಂದ ಬೇರೆ ಕ್ಲಾಸಿನ ಮಂತ್ರವನ್ನೂ ಹಾಕಬಹುದು. ವಾರ್ಲಾಕ್‌ನ ಎಲ್ಡ್ರಿಚ್ ಬ್ಲಾಸ್ಟ್ ಕ್ಯಾಂಟ್ರಿಪ್‌ನ ಕಿರಣಗಳು ಒಟ್ಟು ಲೆವೆಲ್ 5, 11, 17ರಲ್ಲಿ ಎರಡು, ಮೂರು, ನಾಲ್ಕಾಗುತ್ತವೆ. ಆಗೊನೈಸಿಂಗ್ ಬ್ಲಾಸ್ಟ್ ಪ್ರತಿ ಕಿರಣಕ್ಕೂ ಕರಿಸ್ಮಾ ಸೇರಿಸುತ್ತದೆ. ಇದಕ್ಕೆ ಬೇಕಾದದ್ದು ವಾರ್ಲಾಕ್ ಲೆವೆಲ್ 2 ಮಾತ್ರ. ಉಳಿದ ಹದಿನೆಂಟು ಸಾರ್ಸರರ್ ಆಗಿದ್ದರೂ ನಾಲ್ಕು ಕಿರಣ ಸಿಕ್ಕೇ ಸಿಗುತ್ತವೆ. ಎರಡು ಲೆವೆಲ್‌ಗೆ ಇಷ್ಟು ಫಲ ಕೊಡುವ ಬೇರೆ ಕ್ಲಾಸ್ ಫೈಟರ್ ಒಂದೇ. ಅದರ ಆಕ್ಷನ್ ಸರ್ಜ್ ಪ್ರತಿ ಶಾರ್ಟ್ ರೆಸ್ಟ್‌ಗೆ ಒಮ್ಮೆ ಇನ್ನೊಂದು ಪೂರ್ತಿ ಆಕ್ಷನ್ ಕೊಡುತ್ತದೆ. ಹೊಸ ನಿಯಮ ಅದರಲ್ಲಿ ಮಂತ್ರ ಹಾಕುವುದನ್ನು ತಡೆದಿದೆ, ಹಾಗಾಗಿ 2024ರಲ್ಲಿ ವಿಜರ್ಡ್‌ಗೆ ಅದರ ಆಸೆ ಬೇಡ.

ಸಬ್‌ಕ್ಲಾಸ್ ಸಿಗುವ ಲೆವೆಲ್ ಕೂಡ ಎರಡು ಪುಸ್ತಕಗಳಲ್ಲಿ ಬೇರೆ. 2014ರಲ್ಲಿ ಕ್ಲೆರಿಕ್, ಸಾರ್ಸರರ್, ವಾರ್ಲಾಕ್ ಮೊದಲ ಲೆವೆಲ್‌ನಲ್ಲೇ, ಡ್ರೂಯಿಡ್, ವಿಜರ್ಡ್ ಎರಡರಲ್ಲಿ, ಉಳಿದವರು ಮೂರರಲ್ಲಿ ಸಬ್‌ಕ್ಲಾಸ್ ಆರಿಸುತ್ತಿದ್ದರು. 2024ರಲ್ಲಿ ಎಲ್ಲರಿಗೂ ಮೂರು. ಒಂದೇ ಲೆವೆಲ್‌ಗೆಂದು ಇನ್ನೊಂದು ಕ್ಲಾಸ್ ಸೇರುವ ಅದ್ದುವಿಕೆಗಳು ಇದರಿಂದ ಬಹಳ ಸೊರಗಿದವು. ಲೈಫ್ ಡೊಮೇನ್ ಕ್ಲೆರಿಕ್ 1 ಮತ್ತು ಡ್ರೂಯಿಡ್ ಸೇರಿದರೆ ಗುಡ್‌ಬೆರಿಯ ಹತ್ತು ಹಣ್ಣುಗಳು ತಲಾ ಒಂದರ ಬದಲು ನಾಲ್ಕು ಹಿಟ್ ಪಾಯಿಂಟ್ ಕೊಡುತ್ತಿದ್ದವು, ಮೊದಲ ಹಂತದ ಒಂದು ಸ್ಲಾಟ್‌ಗೆ ಒಟ್ಟು 40. ಹೊಸ ನಿಯಮದಲ್ಲಿ ಆ ಹೆಚ್ಚುವರಿ ಮಂತ್ರ ಹಾಕಿದ ಸರದಿಯಲ್ಲಷ್ಟೇ ನಡೆಯುತ್ತದೆ. ಎರಡು ಪುಸ್ತಕ ಕಲಸಿ ಆಡುವ ಗುಂಪಿನಲ್ಲಿ ಯಾವುದರ ನಿಯಮ ಅಂತ ಡಿಎಂ ಜೊತೆ ಮೊದಲೇ ಮಾತಾಡಿಕೊಳ್ಳಿ. 2014ರಲ್ಲಿ ಮಲ್ಟಿಕ್ಲಾಸ್ ಅನ್ನುವುದೇ ಡಿಎಂ ಒಪ್ಪಿದರೆ ಮಾತ್ರ ಇರುವ ಐಚ್ಛಿಕ ನಿಯಮ.

ಎರಡು ಸಬ್‌ಕ್ಲಾಸ್ ಹೊಂದುತ್ತವೆಯೇ ಎಂದು ನೋಡುವಾಗ ನಾನು ಮೊದಲು ಹುಡುಕುವುದು ಡಿಕ್ಕಿಗಳನ್ನು. ಸರದಿಗೆ ಬೋನಸ್ ಆಕ್ಷನ್ ಒಂದೇ, ಸುತ್ತಿಗೆ ರಿಯಾಕ್ಷನ್ (ತಟ್ಟನೆಯ ಪ್ರತಿಕ್ರಿಯೆ) ಒಂದೇ, ಕಾನ್ಸಂಟ್ರೇಷನ್ ಒಂದೇ. ಎರಡೂ ಕಡೆಯ ಒಳ್ಳೆಯ ಶಕ್ತಿಗಳು ಬೋನಸ್ ಆಕ್ಷನ್ ಬೇಡಿದರೆ ಅರ್ಧ ಹಾಳೆ ಸುಮ್ಮನೆ ಮಲಗಿರುತ್ತದೆ. ಬಾರ್ಬೇರಿಯನ್‌ನ ರೇಜ್ (ರೋಷಾವೇಶ) ನಡೆಯುತ್ತಿರುವಾಗ ಮಂತ್ರ ಹಾಕುವಂತಿಲ್ಲ, ಕಾನ್ಸಂಟ್ರೇಷನ್ ಹಿಡಿಯುವಂತಿಲ್ಲ, ಆದ್ದರಿಂದ ಬಾರ್ಬೇರಿಯನ್ ಜೊತೆ ಮಂತ್ರಗಾರನನ್ನು ಸೇರಿಸಿದರೆ ಎರಡರಲ್ಲಿ ಒಂದು ಸದಾ ಮುಚ್ಚಿರುತ್ತದೆ. ಇನ್ನು ಕೆಲವು ಜೋಡಣೆಗಳು ಗುಂಪಿನ ಮೇಲೆ ನಿಂತಿರುತ್ತವೆ. ರೇಂಜರ್‌ನ ಗ್ಲೂಮ್ ಸ್ಟಾಕರ್ 5, ರೋಗ್‌ನ ಅಸಾಸಿನ್ 3 ಹಳೆಯ ನಿಯಮದಲ್ಲಿ ಮೊದಲ ಸುತ್ತಿನಲ್ಲಿ ಭಯಂಕರ: ಒಂದು ಹೆಚ್ಚುವರಿ ಹೊಡೆತ, ಬೆಚ್ಚಿಬಿದ್ದ ಶತ್ರುವಿಗೆ ತಾಗಿದ್ದೆಲ್ಲ ಕ್ರಿಟಿಕಲ್. ಆದರೆ ಶತ್ರು ಬೆಚ್ಚಬೇಕಾದರೆ ಇಡೀ ಗುಂಪು ಸದ್ದಿಲ್ಲದೆ ಬರಬೇಕು. ಪ್ಲೇಟ್ ಕವಚದ ಒಬ್ಬ ಪ್ಯಾಲಡಿನ್ ಸಾಕು ಅದನ್ನು ಕೆಡಿಸಲು. 2024ರಲ್ಲಿ ಬೆಚ್ಚುವುದೆಂದರೆ ಇನಿಷಿಯೇಟಿವ್‌ನಲ್ಲಿ (ಸರದಿಯ ಕ್ರಮ ನಿರ್ಧರಿಸುವ ದಾಳದಲ್ಲಿ) ಡಿಸ್‌ಅಡ್ವಾಂಟೇಜ್ (ಎರಡು ದಾಳದಲ್ಲಿ ಕಡಿಮೆಯದು) ಅಷ್ಟೇ, ಆ ಕ್ರಿಟಿಕಲ್ ಕೂಡ ಹೋಯಿತು.

ಬೇರೆ ಆಟಗಳ ಬಗ್ಗೆ ಒಂದೆರಡು ಮಾತು. ಇದೇ ನಿಯಮಗಳ ಮೇಲೆ ಕಟ್ಟಿದ ಕಂಪ್ಯೂಟರ್ ಆಟ ಬಾಲ್ಡರ್ಸ್ ಗೇಟ್ 3ರಲ್ಲಿ 13ರ ಬಾಗಿಲೇ ಇಲ್ಲ, ಲೆವೆಲ್ 12ಕ್ಕೆ ಮುಗಿಯುತ್ತದೆ. 11 ಮತ್ತು 1 ಎಂದು ಒಡೆದರೆ ಮೂರನೇ ಫೀಟ್ ಕೈತಪ್ಪುತ್ತದೆ, 8 ಮತ್ತು 4 ಎಂದು ಒಡೆದರೆ ಮೂರೂ ಉಳಿಯುತ್ತವೆ. ತಪ್ಪಾದರೆ ಶಿಬಿರದಲ್ಲಿ 100 ಚಿನ್ನ ಕೊಟ್ಟು ಪಾತ್ರವನ್ನು ಮೊದಲಿಂದ ಕಟ್ಟಬಹುದು, ಹಾಗಾಗಿ ಜೋಡಣೆ ಪರೀಕ್ಷಿಸಿ ನೋಡಲು ಅದು ಒಳ್ಳೆಯ ಗರಡಿ. ಇದೇ ಬಗೆಯ ಇನ್ನೊಂದು ಆಟ ಪಾತ್‌ಫೈಂಡರ್‌ನ ಎರಡನೇ ಎಡಿಷನ್‌ನಲ್ಲಿ ಕ್ಲಾಸ್ ಲೆವೆಲ್ ಒಡೆಯುವುದೇ ಇಲ್ಲ. ಲೆವೆಲ್ 2ರಿಂದ ಕ್ಲಾಸ್ ಫೀಟ್ ಬದಲಿಗೆ ಇನ್ನೊಂದು ಕ್ಲಾಸಿನ ಡೆಡಿಕೇಷನ್ ಫೀಟ್ ಕೊಳ್ಳಬೇಕು, ಅದೇ ಆರ್ಕಿಟೈಪ್‌ನಿಂದ ಇನ್ನೆರಡು ಫೀಟ್ ತೆಗೆದುಕೊಳ್ಳುವವರೆಗೆ ಮತ್ತೊಂದು ಡೆಡಿಕೇಷನ್ ಇಲ್ಲ. ಮೇಲೆ ಹೇಳಿದ ಐದರ ಕುಸಿತ ಅಲ್ಲಿ ಬರುವುದೇ ಇಲ್ಲ. ಆ ವಿನ್ಯಾಸ ನನಗೆ ಬಹಳ ಇಷ್ಟ.

ಕೊನೆಗೆ ಒಂದು ಜೋಡಣೆಯನ್ನು 2014ರ ನಿಯಮದಲ್ಲಿ ಪೂರ್ತಿ ಬಿಡಿಸಿಡುತ್ತೇನೆ: ಬಾರ್ಬೇರಿಯನ್ ಮತ್ತು ರೋಗ್. ಕೇಳಲು ಹೊಂದಿಕೆಯಿಲ್ಲದ್ದು, ಆದರೆ ನಿಯಮದ ಒಂದು ಸಣ್ಣ ಸಂದಿಯಲ್ಲಿ ಇವು ಬೀಗದ ಕೈಯಂತೆ ಕೂರುತ್ತವೆ. ಸ್ನೀಕ್ ಅಟ್ಯಾಕ್ ಕೇಳುವುದು ಫಿನೆಸ್ ಆಯುಧವನ್ನು (ಸ್ಟ್ರೆಂತ್ ಅಥವಾ ಡೆಕ್ಸ್ಟೆರಿಟಿ ಯಾವುದರಿಂದಲೂ ಬೀಸಬಹುದಾದದ್ದು). ಡೆಕ್ಸ್ಟೆರಿಟಿಯಿಂದಲೇ ಹೊಡೆಯಬೇಕು ಎನ್ನುವುದಿಲ್ಲ. ಮೈ ತೆರೆದಿಟ್ಟು ಹೊಡೆಯುವ ರೆಕ್‌ಲೆಸ್ ಅಟ್ಯಾಕ್ ಮತ್ತು ರೇಜ್ ಕೇಳುವುದು ಸ್ಟ್ರೆಂತ್ ಹೊಡೆತವನ್ನು. ರೇಪಿಯರ್ ಹಿಡಿದು ಸ್ಟ್ರೆಂತ್‌ನಿಂದ ಬೀಸಿದರೆ ಮೂರೂ ಒಟ್ಟಿಗೆ ನಡೆಯುತ್ತವೆ. ರೆಕ್‌ಲೆಸ್ ಕೊಡುವ ಅಡ್ವಾಂಟೇಜ್‌ನಿಂದ (ಎರಡು ದಾಳದಲ್ಲಿ ಹೆಚ್ಚಿನದು) ಸ್ನೀಕ್ ಅಟ್ಯಾಕ್ ಪ್ರತಿ ಸರದಿಯೂ ಖಚಿತ, ಪಕ್ಕದಲ್ಲಿ ಸಂಗಾತಿ ಇರಬೇಕೆಂದಿಲ್ಲ.

ಸ್ಕೋರ್: ಸ್ಟ್ರೆಂತ್ 15, ಕಾನ್‌ಸ್ಟಿಟ್ಯೂಷನ್ 15, ಡೆಕ್ಸ್ಟೆರಿಟಿ 14, ವಿಸ್‌ಡಮ್ 10, ಉಳಿದೆರಡು 8. ಜನಾಂಗದ ಏರಿಕೆ ಸ್ಟ್ರೆಂತ್‌ಗೆ 2, ಕಾನ್‌ಸ್ಟಿಟ್ಯೂಷನ್‌ಗೆ 1 ಬರುವಂತೆ ಆರಿಸಿ. ಬಾರ್ಬೇರಿಯನ್‌ನಿಂದಲೇ ಶುರು, ಐದರವರೆಗೆ ಬೇರೆ ಯೋಚನೆ ಬೇಡ. ಆರರಲ್ಲಿ ರೋಗ್ 1: 1ಡಿ6 ಸ್ನೀಕ್ ಅಟ್ಯಾಕ್, ಜೊತೆಗೆ ಎರಡು ಕೌಶಲಗಳ ಪ್ರೊಫಿಶಿಯೆನ್ಸಿ ಇಮ್ಮಡಿಸುವ ಎಕ್ಸ್‌ಪರ್ಟೈಸ್. ಅದರಲ್ಲೊಂದನ್ನು ಅಥ್ಲೆಟಿಕ್ಸ್‌ಗೆ ಹಾಕಿ, ಯಾಕೆಂದರೆ ರೇಜ್ ಸ್ಟ್ರೆಂತ್ ಪರೀಕ್ಷೆಗಳಿಗೆ ಅಡ್ವಾಂಟೇಜ್ ಕೊಡುತ್ತದೆ, ಹಿಡಿದು ಕೆಡವುವ ಕೆಲಸದಲ್ಲಿ ಇವರನ್ನು ಮೀರಿಸುವುದು ಕಷ್ಟ. ರೋಗ್ 2ರ ಕನ್ನಿಂಗ್ ಆಕ್ಷನ್ ರೇಜ್ ಹೊತ್ತಿಸುವ ಮೊದಲ ಸರದಿಯಲ್ಲಿ ಮಾತ್ರ ಡಿಕ್ಕಿ ಹೊಡೆಯುತ್ತದೆ. ರೋಗ್ 4ರಲ್ಲಿ ಸ್ಕೋರ್ ಏರಿಕೆ. ರೋಗ್ 5ರಲ್ಲಿ ಸ್ನೀಕ್ ಅಟ್ಯಾಕ್ 3ಡಿ6, ಜೊತೆಗೆ ಅನ್‌ಕ್ಯಾನಿ ಡಾಡ್ಜ್: ರಿಯಾಕ್ಷನ್ ಖರ್ಚಾದರೂ ಒಂದು ಏಟು ಅರ್ಧವಾಗುತ್ತದೆ, ರೇಜ್ ಅದನ್ನು ಮತ್ತೆ ಅರ್ಧ ಮಾಡುತ್ತದೆ. 40ರ ಗದೆಯೇಟು 10ಕ್ಕೆ ಇಳಿಯುತ್ತದೆ.

ಕಳೆದುಕೊಂಡದ್ದನ್ನೂ ಬರೆಯಬೇಕು. ಲೆವೆಲ್ 10ರಲ್ಲಿ, ಕಾನ್‌ಸ್ಟಿಟ್ಯೂಷನ್ 16 ಇಟ್ಟುಕೊಂಡು ಸರಾಸರಿ ಲೆಕ್ಕದಲ್ಲಿ ಈ ಪಾತ್ರಕ್ಕೆ 95 ಹಿಟ್ ಪಾಯಿಂಟ್, ನೇರ ಬಾರ್ಬೇರಿಯನ್‌ಗೆ 105. ರೇಜ್ ದಿನಕ್ಕೆ ಮೂರೇ, ನೇರದವರಿಗೆ ನಾಲ್ಕು. ಹಾಗಾಗಿ ಸಣ್ಣ ಜಗಳಕ್ಕೆ ರೇಜ್ ಖರ್ಚು ಮಾಡಿದರೆ ದಿನದ ಕೊನೆಯ ಕಾಳಗದಲ್ಲಿ ರೆಕ್‌ಲೆಸ್ ತೆರೆದಿಟ್ಟ ಮೈಗೆ ಏಟು ಪೂರ್ತಿ ಬೀಳುತ್ತದೆ. ಈ ಪಾತ್ರ ಸಾಯುವುದು ಹೆಚ್ಚಾಗಿ ಹೀಗೇ. ಎರಡು ಕೈಯ ಭಾರದ ಆಯುಧವೂ ಇಲ್ಲ, ಅವಕ್ಕೆ ಫಿನೆಸ್ ಇರುವುದಿಲ್ಲ. ಖಾಲಿ ಕೈಗೆ ಗುರಾಣಿ ಕೊಡಿ: ಹಾಫ್ ಪ್ಲೇಟ್ 15, ಡೆಕ್ಸ್ಟೆರಿಟಿ 2, ಗುರಾಣಿ 2, ಎಸಿ 19. ಹಿಡಿದು ಕೆಡವಬೇಕಾದಾಗ ಮಾತ್ರ ಗುರಾಣಿ ಮೊದಲೇ ಇಳಿಸಿರಬೇಕು, ಹಿಡಿಯಲು ಖಾಲಿ ಕೈ ಬೇಕು. ಗುರಾಣಿ ಇಳಿಸಲು ಒಂದು ಆಕ್ಷನ್ ಹೋಗುತ್ತದೆ.

ಹಾಳೆಯ ಮೇಲೆ ಹಿಟ್ ಡೈಸ್ ಅನ್ನು (ಹಿಟ್ ಪಾಯಿಂಟ್ ಮರಳಿಸುವ ದಾಳಗಳನ್ನು) 5ಡಿ12, 5ಡಿ8 ಎಂದು ಬೇರೆಬೇರೆ ಬರೆಯಿರಿ, ಶಾರ್ಟ್ ರೆಸ್ಟ್‌ನಲ್ಲಿ ಯಾವುದನ್ನು ಉರುಳಿಸುವುದು ಎಂಬುದು ನಿಮ್ಮ ಆಯ್ಕೆ. ಹತ್ತರ ನಂತರ ರೋಗ್ ಕಡೆಗೇ ನಡೆಯಿರಿ. ಬರಿಯ ರೇಜ್ ತಡೆಯುವುದು ಜಜ್ಜುವ, ಚುಚ್ಚುವ, ಕೊಯ್ಯುವ ಪೆಟ್ಟುಗಳನ್ನು ಮಾತ್ರ. ಬೆಂಕಿ, ಸಿಡಿಲಿಗೆ ಅದು ಏನೂ ಮಾಡದು. ಒಟ್ಟು ಲೆವೆಲ್ 12ರಲ್ಲಿ, ರೋಗ್ 7ಕ್ಕೆ, ಇವೇಷನ್ ಬರುತ್ತದೆ. ಬಾರ್ಬೇರಿಯನ್ 2ರಲ್ಲಿ ಸಿಕ್ಕ ಡೇಂಜರ್ ಸೆನ್ಸ್ ಕಣ್ಣಿಗೆ ಕಾಣುವ ಅಪಾಯಗಳ ಡೆಕ್ಸ್ಟೆರಿಟಿ ಸೇವ್‌ಗೆ ಅಡ್ವಾಂಟೇಜ್ ಕೊಡುತ್ತಲೇ ಇತ್ತು. ಎರಡೂ ಕೂಡಿದ ಮೇಲೆ ಫೈರ್‌ಬಾಲ್ ಬಿದ್ದರೆ ಸೇವ್ ಗೆದ್ದಾಗ ಪೆಟ್ಟು ಸೊನ್ನೆ, ಸೋತಾಗ ಅರ್ಧ.